ನೂರವ್ವ ಬದಲಿಸಿಕೊಂಡ ಹೆಸರು

ನೆಟ್ಟಗೆ ಕುಳಿತು ಕೇಳಿ. ನನ್ನ ಅಜ್ಜಿಯ ಅಜ್ಜಿಗೂ ಇದು ಹಳೆಯ ಮಾತೇ ಆಗಿತ್ತು. ಹೊಳೆಯ ದಂಡೆಯಲ್ಲಿ ಕಡವಲ ಎಂಬ ಊರು, ಆ ಊರಿನಲ್ಲಿ ನೂರವ್ವ ಎಂಬ ಮುದುಕಿ. ಮಗಳು ನೂರು ವರ್ಷ ಬಾಳಲಿ ಎಂದು ಹೆತ್ತವ್ವ ಇಟ್ಟ ಹೆಸರು ಅದು. ಈ ಸಂಗತಿ ನಡೆದಾಗ ಅವಳಿಗೆ ತೊಂಬತ್ತಮೂರು. ತೊಂಬತ್ತೊಂದು ಎಂದು ಹೇಳುವವರಿದ್ದಾರೆ; ಅದು ತಪ್ಪು.

ಕೂಸುಗಳಿಗೆ ಹೆಸರು ಹೇಳುವುದು ನೂರವ್ವನ ಕೆಲಸ. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅವಳು ಅದರ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳುತ್ತಿದ್ದಳಂತೆ. ಆಮೇಲೆ ಬಲಗಿವಿಯಲ್ಲಿ ಮೂರು ಸಲ ಹೆಸರು ಉಸುರುತ್ತಿದ್ದಳಂತೆ. ಅದಾದ ಮೇಲೆಯೇ ಸೋದರತ್ತೆ ಅದನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು. ತೊಟ್ಟಿಲ ಮೇಲೆ ಮೊದಲು ಕೂಗಿದ ಹೆಸರು ಯಾವುದೋ ಅದೇ ಕಡೆಯತನಕ. ಹಿಂದೆ ತೆಗೆಯಲು ಬರುವುದಿಲ್ಲ.

ಅವಳು ತೇಲಪ್ಪ ಎಂದು ಕರೆದ ಹುಡುಗ ದೋಣಿ ನಡೆಸುವವನಾದ. ಮೂರು ಸಲ ದೋಣಿ ಮಗುಚಿದರೂ ಸೋರೆಬುರುಡೆಯಂತೆ ಮೇಲೆ ಬಂದ. ಅವನ ಅಕ್ಕ ಗುಡುಗವ್ವ ಈ ದಂಡೆಯಲ್ಲಿ ನಿಂತು ಕರೆದರೆ ಆ ದಂಡೆಯ ಎಮ್ಮೆಗಳು ತಲೆ ಎತ್ತುತ್ತಿದ್ದವಂತೆ. ಇನ್ನೊಂದು ಕೂಸಿಗೆ ಒಂಟಿಯಪ್ಪ ಎಂದಾಗ ಅದರ ತಾಯಿ ಬೇಡ ಬೇಡವೆಂದು ಅತ್ತಳಂತೆ. ಆ ವರ್ಷವೇ ಬೇನೆ ಬಂದು ಆ ಮನೆಯ ಹನ್ನೊಂದು ಮಂದಿ ಹೋದರು. ಒಂಟಿಯಪ್ಪ ಉಳಿದ. ಅಂದಿನಿಂದ ನೂರವ್ವ ಬೀದಿಗೆ ಬಂದರೆ ಬಸುರಿಯರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ತೇಲಪ್ಪನ ಹೆಂಡತಿ ಬಾಳವ್ವ. ಅವಳ ಮೊದಲ ಎರಡು ಕೂಸುಗಳನ್ನು ಹೆಸರಿಡುವ ಮೊದಲೇ ನೆರೆ ಒಯ್ದಿತ್ತು. ಮೂರನೆಯದು ಹೆಣ್ಣು, ಬೇಸಿಗೆಯಲ್ಲಿ ಹುಟ್ಟಿತು. ತೊಟ್ಟಿಲ ದಿನ ನೂರವ್ವ ಬಗ್ಗಿ ಕೂಸಿನ ಎದೆಗೆ ಕಿವಿಯಿಟ್ಟಿದ್ದಳು. ಅವಳು ತಲೆ ಎತ್ತುವ ಮೊದಲೇ ಗುಡುಗವ್ವ, ‘ಹೊಳೆಯವ್ವ!’ ಎಂದು ಕೂಗಿಬಿಟ್ಟಳು.

ಗುಡುಗವ್ವ ಗೆದ್ದವಳಂತೆ ನಿಂತು ಹೇಳಿದಳು:

“ಇನ್ನ ಅಂಜಿಕಿಲ್ಲ. ಹೊಳಿ ತನ್ನ ಹೆಸರಿನ ಕೂಸಿಗೆ ಕೈ ಹಚ್ಚಾಂಗಿಲ್ಲ.”

ನೂರವ್ವ ಮೆಲ್ಲಗೆ ಎದ್ದಳು. “ಎಂಥಾ ಶ್ಯಾಣ್ಯಾಕಿ ಅದೀ ಗುಡುಗಿ! ನಿನ್ನ ಹೆಸರು ಕೊರೆಸಿದ ಕೊಡ ಮಂದಿ ಮನ್ಯಾಗಿದ್ರ ನೀ ಬಿಡ್ತೀಯೇನು? ಹೋಗಿ ತರೂದಿಲ್ಲೇನು?”

ಮರುದಿನ ಮಧ್ಯಾಹ್ನ ತೊಟ್ಟಿಲ ಪಕ್ಕದ ಗೋಡೆಯ ಬುಡದಲ್ಲಿ ಒಂದು ಗೇಣು ತೇವ ಕಾಣಿಸಿತಂತೆ. ಹೊಳೆ ಬತ್ತಿ ಅರ್ಧ ಹರದಾರಿ ದೂರ ಸರಿದಿದ್ದ ಕಾಲ ಅದು. ಬಾಳವ್ವ ಒರೆಸಿದಳು. ಒರೆಸಿದ ಬಟ್ಟೆಯಲ್ಲಿ ಹೊಳೆಯ ಮರಳಿತ್ತು. ಅದರ ಮರುದಿನ ತೇವ ಎರಡು ಗೇಣಾಯಿತು. ತೇಲಪ್ಪ ತೊಟ್ಟಿಲ ಹಗ್ಗವನ್ನು ಒಂದು ಗೇಣು ಗಿಡ್ಡ ಮಾಡಿದ. ತೇವ ಮೂರು ಗೇಣಾಯಿತು. ಅವನು ಮತ್ತೆ ಗಿಡ್ಡ ಮಾಡಿದ. ಕೂಸನ್ನು ನೆರೆಮನೆಗೆ ಒಯ್ದರೆ ಆ ಗೋಡೆಯೂ ಅಷ್ಟೇ ಎತ್ತರಕ್ಕೆ ಒದ್ದೆಯಾಯಿತಂತೆ. ನೆರೆಯವರು ಕೈಮುಗಿದು ಕಳಿಸಿಬಿಟ್ಟರು.

ಕೂಸು ಒಂದು ದಿನವೂ ಅಳಲಿಲ್ಲ. ಅದು ಗೋಡೆಯ ಕಡೆ ಮುಖ ತಿರುಗಿಸಿ, ಯಾರೋ ಆಡಿಸುತ್ತಿರುವಂತೆ ನಗುತ್ತಿತ್ತು ಎನ್ನುತ್ತಾರೆ.

ಒಂಬತ್ತನೆಯ ದಿನ ತೊಟ್ಟಿಲು ತೊಲೆಗೆ ತಾಗಿತು. ಹಾಲೂಡಿಸಲು ಕೂಸನ್ನು ಇಳಿಸಬೇಕಾದರೆ ಬಾಳವ್ವ ಒರಳಿನ ಮೇಲೆ ಹತ್ತಿ ನಿಲ್ಲಬೇಕಾಗಿತ್ತು. ತೇವ ತೊಟ್ಟಿಲಿಗೆ ಒಂದೇ ಗೇಣು ಕೆಳಗಿತ್ತು. ಗಿಡ್ಡ ಮಾಡಲು ಇನ್ನು ಹಗ್ಗವಿರಲಿಲ್ಲ. ಅವಳು ಕೂಸನ್ನು ಗಂಡನ ಕೈಗೆ ಕೊಟ್ಟು, ನೂರವ್ವನ ಗುಡಿಸಲಿಗೆ ಓಡಿ ಕಾಲಿಗೆ ಬಿದ್ದಳು.

ಕೂಗಿದ ಹೆಸರು ಹಿಂದೆ ಬರುವುದಿಲ್ಲ ಎಂದಳಂತೆ ನೂರವ್ವ. ಆದರೆ ಅದಲುಬದಲು ಮಾಡಬಹುದು. ಬೇರೆ ಒಬ್ಬರು ತಮ್ಮ ಹೆಸರು ಕೊಟ್ಟು ಅದನ್ನು ತೆಗೆದುಕೊಳ್ಳಬೇಕು. ತೆಗೆದುಕೊಂಡವರು ತಿಳಿದು ತೆಗೆದುಕೊಳ್ಳಬೇಕು.

ಬಾಳವ್ವನಿಗೆ ಅರ್ಥವಾಯಿತು. ಬೇಕು ಎನ್ನಲಾರದೆ, ಬೇಡ ಎನ್ನಲಾರದೆ ಕಣ್ಣೀರು ಸುರಿಸಿದಳು. ಕೊನೆಗೆ, “ಯವ್ವಾ, ನಿಂದಿನ್ನೂ ಏಳು ವರ್ಷ ಐತಲ್ಲ...” ಎಂದಳು.

“ಏಳು ವರ್ಷ ತಗೊಂಡು ಏನ ಮಾಡ್ಲೇ? ಬಾಯಾಗ ಏಳು ಹಲ್ಲೂ ಇಲ್ಲ. ಏಳು, ನಿನ್ನ ನಾದಿನೀನ ಕರಿ.”

ಮರುದಿನ ನಡುಹಗಲಿಗೆ, ನೆರಳು ಕಾಲಡಿಗೆ ಬರುವ ಮೊದಲೇ, ಊರು ಆ ಮನೆಯಲ್ಲಿ ನೆರೆದಿತ್ತು. ನೂರವ್ವ ಒರಳು ಹತ್ತಿ, ಕೂಸಿನ ಬಲಗಿವಿಯಲ್ಲಿ ತನ್ನ ಹೆಸರನ್ನು ಮೂರು ಸಲ ಉಸುರಿದಳು. ಗುಡುಗವ್ವ ತೊಟ್ಟಿಲ ಕಡೆ ತಿರುಗಿ ‘ನೂರವ್ವ’ ಎಂದು ಕೂಗಿದಳು. ಮನೆಯ ಮಾಡು ಅದುರಿತಂತೆ. ಈಗ ಮುದುಕಿಯ ಕಡೆ ತಿರುಗಿ ಇನ್ನೊಂದು ಹೆಸರು ಕೂಗಬೇಕು. ಹುಟ್ಟಿದ ದಿನ ತನಗೆ ನೀರು ಎರೆದವಳು ಈ ಮುದುಕಿಯೇ. ಗುಡುಗವ್ವನ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಗೋಡೆಯ ತೇವ ತೊಟ್ಟಿಲ ಅಂಚು ಮುಟ್ಟಿತು.

“ಯಾಕ ಗುಡುಗಿ? ಅವತ್ತು ಯಾರೂ ಹೇಳದನ ಕೂಗಿದಿ. ಇವತ್ತು ಹೇಳಿದ್ರೂ ಬಾಯಿ ಬರವಲ್ದೇನು?”

ಗುಡುಗವ್ವ ಕಣ್ಣು ಮುಚ್ಚಿ ಕೂಗಿದಳು: “ಹೊಳೆಯವ್ವಾ!”

ಮುದುಕಿ ‘ಓ’ ಎಂದಳು. ಆದರೆ ಅವಳು ಗುಡುಗವ್ವನ ಕಡೆ ನೋಡಿ ಓಗೊಡಲಿಲ್ಲವಂತೆ. ಹೊಳೆಯ ಕಡೆ ಮುಖ ಮಾಡಿ ಓಗೊಟ್ಟಳಂತೆ.

ಗೋಡೆ ಮೇಲಿನಿಂದ ಕೆಳಗೆ, ಚಾಪೆ ಸುತ್ತಿದಂತೆ, ಒಣಗುತ್ತ ಬಂತು. ಕೂಸು ಮೊದಲ ಸಲ ಅತ್ತಿತು. ಬಾಳವ್ವ ಅದನ್ನು ಎದೆಗೆ ಅವಚಿಕೊಂಡು ತಿರುಗಿ ನೋಡುವಷ್ಟರಲ್ಲಿ ಮುದುಕಿ ಬಾಗಿಲು ದಾಟಿದ್ದಳು. ಕಾದ ಮರಳಿನಲ್ಲಿ ಅವಳ ಹೆಜ್ಜೆಗಳು ಒದ್ದೆಯಾಗಿ ಮೂಡಿದವು, ಆರಲಿಲ್ಲ ಎನ್ನುತ್ತಾರೆ. ತೇಲಪ್ಪ ಹಿಂದೆಯೇ ಓಡಿದ. ಕರುಗಳು ದಾಟುವಷ್ಟು, ಮೊಣಕಾಲುದ್ದದ ನೀರು. ಆ ನೀರಿನಲ್ಲಿ ಅವಳು ಸೊಂಟದವರೆಗೆ ಇಳಿದಳು, ಭುಜದವರೆಗೆ ಇಳಿದಳು, ಆಮೇಲೆ ಕಾಣಲಿಲ್ಲ. ಸಂಜೆಯವರೆಗೂ ಅವನು ದೋಣಿಯ ಗಳು ಹಾಕಿ ಹುಡುಕಿದ. ಎಲ್ಲಿ ಹಾಕಿದರೂ ಮೊಣಕಾಲಿನಷ್ಟಕ್ಕೇ ನೆಲ ಸಿಕ್ಕಿತು.

ತೇಲಪ್ಪನ ಮಗಳು ನೂರವ್ವ ನೂರು ವರ್ಷ ಬಾಳಿದಳು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ.

ಈಗಲೂ ಕಡವಲದ ಹೆಣ್ಣುಮಕ್ಕಳು ಹೊಳೆಯಲ್ಲಿ ಕೊಡ ಅದ್ದುವ ಮೊದಲು, “ಅಜ್ಜೀ, ಸ್ವಲ್ಪ ಸರಿ” ಎಂದು ಹೇಳಿ ಒಂದು ಕ್ಷಣ ಕಾಯುತ್ತಾರೆ. ಆಮೇಲೆಯೇ ಕೊಡ ಇಳಿಸುತ್ತಾರೆ. ಊರಿಗೆ ನಲ್ಲಿ ಬಂದು ಎಷ್ಟೋ ಕಾಲವಾಯಿತು. ಆ ನೀರೂ ಅದೇ ಹೊಳೆಯದು. ನಲ್ಲಿಯ ಕೆಳಗೆ ಕೊಡ ಇಡುವಾಗಲೂ ಅವರು ಹಾಗೆಯೇ ಹೇಳುತ್ತಾರೆ. ಧಾರೆ ಒಮ್ಮೆ ತಾನಾಗಿ ನಿಂತು, ಮತ್ತೆ ಸುರಿಯುತ್ತದಂತೆ.