ಕೊಟ್ರಮ್ಮ ಬಿಡುತ್ತಿದ್ದ ಐದು ಸೆಕೆಂಡು

ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ಒಂದು ಊರಿನಲ್ಲಿ ಪುಟ್ಟ ರೇಡಿಯೋ ಕೇಂದ್ರವಿತ್ತು. ಅಲ್ಲಿ ಕೊಟ್ರಮ್ಮ ಎಂಬಾಕೆ ಇಪ್ಪತ್ತೆರಡು ವರ್ಷಗಳಿಂದ ಮಧ್ಯಾಹ್ನದ ಕಾರ್ಯಕ್ರಮ ನಡೆಸುತ್ತಿದ್ದಳು. ಮೈಕು ಹಿಡಿದ ಕೂಡಲೇ ಆಕೆ ಕೇಳುತ್ತಿದ್ದದ್ದು ಒಂದೇ ಮಾತು: "ಊಟ ಆತೇನ್ರಿ?" ಕೇಳಿ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಆಮೇಲೆ ಹಾಡು, ಹವಾಮಾನ, ಸಂತೆಯ ದರ. ನಡುನಡುವೆಯೂ ಏನಾದರೂ ಕೇಳುವಳು, ಮತ್ತೆ ಸುಮ್ಮನಾಗುವಳು.

ಕೇಳುಗರು ಕಡಿಮೆಯಾದರೆಂದು ಕೇಂದ್ರಕ್ಕೆ ಸುಹಾಸ ಎಂಬ ಹೊಸ ಮುಖ್ಯಸ್ಥ ಬಂದ. ಕೆಟ್ಟವನಲ್ಲ, ಪಾಪ. ತಿಂಗಳೊಳಗೆ ಕೇಳುಗರು ಹೆಚ್ಚದಿದ್ದರೆ ಮಧ್ಯಾಹ್ನದ ಕಾರ್ಯಕ್ರಮವನ್ನೇ ನಿಲ್ಲಿಸಬೇಕೆಂದು ಮೇಲಿನವರು ಅವನಿಗೆ ಹೇಳಿ ಕಳಿಸಿದ್ದರು. ಅದನ್ನು ಉಳಿಸಲೆಂದೇ ಅವನು ಎಲ್ಲವನ್ನೂ ಬದಲಿಸಿದ. ಹಾಡು ಜಾಸ್ತಿ, ಮಾತು ಚುರುಕು, ಒಂದು ಸೆಕೆಂಡೂ ಖಾಲಿ ಇರಬಾರದು. ಕೊಟ್ರಮ್ಮನ ಮಾತನ್ನು ಮೊದಲೇ ರೆಕಾರ್ಡ್ ಮಾಡಿಸಿಕೊಂಡು, ಸುಮ್ಮನಿದ್ದ ಜಾಗವನ್ನೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿದ. ಒಂದು ಹಾಡಿಗಾಗುವಷ್ಟು ಜಾಗ ಸಿಕ್ಕಿತೆಂದು ಹಿಗ್ಗಿದ.

"ಸರ್, ಅದು ಖಾಲಿ ಜಾಗ ಅಲ್ಲ," ಎಂದಳು ಕೊಟ್ರಮ್ಮ.

"ಮತ್ತೇನಿದೆ ಮೇಡಂ ಅಲ್ಲಿ?"

"ನನಗೂ ಕೇಳ್ಸಂಗಿಲ್ರಿ. ಆದ್ರೆ ಐತಿ."

ಹಳೆಯ ಕಾಲದವರು, ಏನೋ ಹೇಳುತ್ತಾರೆ ಎಂದುಕೊಂಡು ಸುಹಾಸ ನಕ್ಕುಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ, ಮಕ್ಕಳೇ.

ಮೂರು ವಾರ ಕಳೆಯಿತು. ಕೇಳುಗರು ಹೆಚ್ಚುವುದಿರಲಿ, ಇದ್ದವರೂ ಕೇಂದ್ರಕ್ಕೆ ಫೋನ್ ಮಾಡುವುದನ್ನು ಬಿಟ್ಟರು. ಕಾರಣ ತಿಳಿಯಲು ಸುಹಾಸ ಪ್ರಶ್ನೆಗಳ ಪಟ್ಟಿ ಹಿಡಿದು ಒಂದು ಮಂಡಕ್ಕಿ ಭಟ್ಟಿಗೆ ಹೋದ. ಬೆಂಕಿಯ ಝಳ, ಹೊಗೆ. ಹತ್ತು ಹನ್ನೆರಡು ಹೆಂಗಸರು ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರ್ಪಡಿಸುತ್ತಿದ್ದರು. ಗೋಡೆಯ ಗೂಡಿನಲ್ಲಿ ರೇಡಿಯೋ. ಸರಿಯಾಗಿ ಮಧ್ಯಾಹ್ನದ ಕಾರ್ಯಕ್ರಮ ಶುರುವಾಯಿತು.

"ಊಟ ಆತೇನ್ರಿ?"

ಹೆಂಗಸರೆಲ್ಲ ಒಟ್ಟಿಗೆ ಬಾಯಿ ತೆರೆದರು. ಅಷ್ಟರಲ್ಲಿ ಹಾಡು ಧಡಾರನೆ ನುಗ್ಗಿತು. ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡವು. ಖೈರುನ್ನಿಸಾ ಎಂಬಾಕೆ ಎದ್ದು ಹೋಗಿ ರೇಡಿಯೋ ಆರಿಸಿದಳು.

"ಯಾಕಮ್ಮ ಆರಿಸಿದಿರಿ?" ಎಂದ ಸುಹಾಸ.

"ಇಷ್ಟು ವರ್ಷ ಆಕಿ ಕೇಳಾಕಿ, ನಾವು ಹೇಳಾರು. 'ಆತವ್ವಾ' ಅಂತ ಒಬ್ರು, 'ಇನ್ನೂ ಒಲಿ ಮುಂದನೇ ಅದೀವಿ' ಅಂತ ಒಬ್ರು. ದಿನಾ ನಗ್ತಿದ್ವಿ. ಈಗ ಕೇಳ್ತಾಳ, ಆದ್ರ ನಮ್ಮ ಮಾತು ಆಕಿಗೆ ಬ್ಯಾಡ. ನಮ್ಮ ಕೊಟ್ರಮ್ಮಗ ದೊಡ್ಡಸ್ತಿಕಿ ಬಂದೈತಿ ಬಿಡ್ರಿ."

ಸುಹಾಸನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಕತ್ತರಿಸಿದ್ದು ಬರೀ ಐದು ಸೆಕೆಂಡಲ್ಲ, ಕೊಟ್ರಮ್ಮ ಇಪ್ಪತ್ತೆರಡು ವರ್ಷದಲ್ಲಿ ಗಳಿಸಿದ ಹೆಸರು. ತಲೆ ತಗ್ಗಿಸಿ ನಿಜ ಹೇಳಿದ: "ಅವರು ಕಾಯ್ತಾನೇ ಇದ್ದಾರಮ್ಮ. ನಿಮ್ಮ ಉತ್ತರ ಕತ್ತರಿಸಿದವನು ನಾನು."

ಖೈರುನ್ನಿಸಾ ಬೈಯಲಿಲ್ಲ. ಬಿಸಿ ಮಂಡಕ್ಕಿ ಒಂದು ಪೊಟ್ಟಣ ಕಟ್ಟಿ, "ಇದನ್ನ ಆಕಿಗೆ ಕೊಡ್ರಿ," ಎಂದಳು.

ಮರುದಿನ ರೆಕಾರ್ಡಿಂಗ್ ಇರಲಿಲ್ಲ. ಕೊಟ್ರಮ್ಮ ಮಂಡಕ್ಕಿ ಪೊಟ್ಟಣವನ್ನು ಪಕ್ಕದಲ್ಲಿಟ್ಟುಕೊಂಡು ನೇರವಾಗಿ ಮಾತಿಗೆ ಕೂತಳು. ಸ್ಟುಡಿಯೋ ಗಾಜಿನ ಆಚೆ ಸುಹಾಸ ನಿಂತಿದ್ದ. ಕೆಲಸದ ಗಡಿಬಿಡಿಯಲ್ಲಿ ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಊಟ ಆತೇನ್ರಿ?" ಎಂದು ಕೇಳಿ ಕೊಟ್ರಮ್ಮ ಸುಮ್ಮನಾದಳು. ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸುತ್ತಿದ್ದ ಸುಹಾಸ ಎಣಿಕೆ ಮರೆತ. ತನಗೇ ತಿಳಿಯದಂತೆ ಬಾಯಿಬಿಟ್ಟ:

"ಇನ್ನೂ ಇಲ್ಲ ಮೇಡಂ."

ಮಾತು ಗಾಜು ದಾಟಲಿಲ್ಲ. ಆದರೆ ತುಟಿ ಅಲುಗಿದ್ದನ್ನು ಕೊಟ್ರಮ್ಮ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಉತ್ತರ ಕೊಟ್ಟವರ ಮುಖ ಆಕೆಗೆ ಕಂಡದ್ದು ಅದೇ ಮೊದಲು. ಆಕೆ ನಕ್ಕು, ಮಂಡಕ್ಕಿ ಪೊಟ್ಟಣವನ್ನು ಎತ್ತಿ ತೋರಿಸಿ ಅವನನ್ನು ಒಳಗೆ ಕರೆದಳು.

ನೀತಿ: ಕ್ಷೇಮ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಕಾಯುವ ಆ ಹೊತ್ತು ಖಾಲಿಯಲ್ಲ, ಅದು ಎದುರಿನವರ ಪಾಲು. ಅವರ ಪಾಲನ್ನು ನಾವೇ ತುಂಬಿಬಿಟ್ಟರೆ ಅವರು ನಮ್ಮಿಂದ ದೂರವಾಗುತ್ತಾರೆ.