ಬೆಟ್ಟ ನಿಂತಿತು, ನೀರು ಓಡಿತು

ಭೂಮಿ ಆಗಷ್ಟೇ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಮೆತ್ತಗೆ, ಬಿಸಿಬಿಸಿಯಾಗಿ ಇದ್ದ ಕಾಲ. ಕಾಲಿಟ್ಟಲ್ಲಿ ಕಾಲು ಹೂತುಕೊಳ್ಳುತ್ತಿತ್ತು. ಸಮುದ್ರ ಎಂಬುದು ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಬುತ್ತಿ ಕಟ್ಟಿಕೊಂಡವರು ಲೋಕದ ಈ ತುದಿಯಿಂದ ಆ ತುದಿಗೆ ನಡೆದೇ ಹೋಗಬಹುದಿತ್ತು. ಹಡಗು ಬೇಡ, ವಿಮಾನ ಬೇಡ.

ಆಗ ಬೆಟ್ಟಗಳಿಗೆ ಕಾಲಿದ್ದವು.

ಒಂದೆರಡಕ್ಕಲ್ಲ, ಎಲ್ಲಕ್ಕೂ. ಲೋಕದ ಅಷ್ಟೂ ಬೆಟ್ಟಗಳು ಒಂದೇ ಮಂದೆಯಾಗಿ ಒಂದೇ ಬಯಲಲ್ಲಿ ಮೇಯುತ್ತಿದ್ದವು. ಅವನ್ನು ಕಾಯುವವಳು ಮಾಳವ್ವ. ಹೆಗಲ ಮೇಲೆ ಊರಗಲದ ಕರಿ ಕಂಬಳಿ, ಕೈಯಲ್ಲಿ ಮುಗಿಲು ಮುಟ್ಟುವ ಕೋಲು. ಅವಳು ಒಮ್ಮೆ ಸೀನಿದರೆ ಏಳು ಹರದಾರಿ ದೂರದ ಹುಲ್ಲು ಮಲಗಿಬಿಡುತ್ತಿತ್ತು. ಅಂಥ ಹೆಂಗಸಿಗೂ ಆ ಮಂದೆ ಸಾಕುಸಾಕು ಮಾಡಿತ್ತು.

ಬೆಟ್ಟಗಳೇನು ಹೇಳಿದ ಮಾತು ಕೇಳುವ ಜಾತಿಯೇ? ಒಂದಕ್ಕಿಂತ ಒಂದು ಮೊಂಡು. ಎಲ್ಲಕ್ಕಿಂತ ಉದ್ದದ್ದೊಂದಿತ್ತು, ಅದನ್ನು ಮಾಳವ್ವ ಎತ್ತರಿ ಅಂತ ಕರೆಯುತ್ತಿದ್ದಳು. ತಲೆಯ ಮೇಲೆ ಹಿಮ ಹೊತ್ತುಕೊಂಡು ಮೆರೆಯುವುದು ಬಿಳಿಟೋಪಿ. ನೆತ್ತಿ ತಟ್ಟೆಯ ಹಾಗಿದ್ದದ್ದು ಚಪ್ಪಟೆ. ಇನ್ನೊಂದಂತೂ ಎದ್ದರೆ ಕೂರುವುದು, ಕೂತರೆ ಮಲಗುವುದು. ಅದರ ಹೆಸರು ಸೋಮಾರಿ.

ಒಂದೊಂದು ಬೆಟ್ಟಕ್ಕೂ ಒಂದೊಂದು ಮರಿ ಇತ್ತು. ಬೆಟ್ಟದ ಮರಿ ಅಂದರೆ ಗುಡ್ಡ ಅಂದುಕೊಳ್ಳಬೇಡಿ, ಅದು ತೊರೆ. ತಾಯಂದಿರು ಮೇಯಲು ಹೋದಾಗ ಮಾಳವ್ವ ಮರಿಗಳನ್ನು ಬಯಲಿನ ತಗ್ಗಿನಲ್ಲಿ ಮುಳ್ಳುಬೇಲಿ ಕಟ್ಟಿದ ರೊಪ್ಪದೊಳಗೆ ಬಿಟ್ಟು, ಮೇಲೆ ಮಂಕರಿ, ಅಂದರೆ ದೊಡ್ಡ ಬಿದಿರು ಬುಟ್ಟಿ, ಕವುಚುತ್ತಿದ್ದಳು. ಸಂಜೆ ಬೆಟ್ಟಗಳು ಬಂದು ಮರಿಗಳಿಗೆ ಹಾಲೂಡುತ್ತಿದ್ದವು. ಬೆಟ್ಟದ ಹಾಲು ಅಂದರೆ ತಣ್ಣನೆಯ ನೀರು. ಕುಡಿದ ಕೂಡಲೇ ಮರಿಗಳು ಮರಳಿ ರೊಪ್ಪ ಸೇರಬೇಕು. ಅಲ್ಲಿ ಇಲ್ಲಿ ಅಲೆದರೆ ಮಾಳವ್ವ ಬಿಡುವವಳಲ್ಲ.

"ಕುಡಿದಿರಾ? ಹಾಗಾದ್ರೆ ರೊಪ್ಪಕ್ಕೆ ನಡೀರಿ!"

ದಿನಾ ಇದೇ ಮಾತು. ಮರಿಗಳಿಗೆ ಅದು ರಕ್ತಗತವಾಗಿತ್ತು.

ದೊಡ್ಡವಕ್ಕೆ ಮಾತ್ರ ಮಾಳವ್ವನ ಮಾತೊಂದೂ ತಾಗುತ್ತಿರಲಿಲ್ಲ. ಅವು ಕೇಳುತ್ತಿದ್ದದ್ದು ಒಂದೇ ಒಂದು ಗುರುತು. ಮಾಳವ್ವ ಕೋಲು ನೆಟ್ಟು ಅದರ ಮೇಲೆ ಕಂಬಳಿ ಹಾಕಿದಳೋ, ಮಂದೆ ಅಲ್ಲೇ ತಂಗಬೇಕು ಎಂದು ಅರ್ಥ. ಎಲ್ಲೇ ಇರಲಿ, ಎಷ್ಟೇ ಮೊಂಡಾಗಿರಲಿ, ಬೆಟ್ಟ ನಿಂತಲ್ಲೇ ನಿಂತುಬಿಡುತ್ತಿತ್ತು. ಅದೂ ಮಾತು ಕೇಳುವ ಬುದ್ಧಿಯಿಂದಲ್ಲ, ಮಲಗುವ ಆಸೆಯಿಂದ.

ಇಂಥ ಮಂದೆಯ ನಡುವೆ ಗಾಳಿ ಬಂದು ಸುದ್ದಿ ಹೇಳುತ್ತಿದ್ದ.

ಗಾಳಿ ಮಾಳವ್ವನ ತಮ್ಮ. ಕೆಲಸ ಇಲ್ಲ, ಬೊಗಳೆ ಬಹಳ.

"ಏನಕ್ಕಾ, ಇನ್ನೂ ಇದೇ ಹಾಳು ಬಯಲಲ್ಲೇ ಬಿದ್ದಿದ್ದೀಯಾ? ನಾನು ಇವತ್ತು ಎಲ್ಲಿಂದ ಬಂದೆ ಗೊತ್ತಾ?"

"ಎಲ್ಲಿಂದಾದ್ರೂ ಬಾ. ಮೆಲ್ಲಗೆ ಮಾತಾಡು, ಬೆಟ್ಟಗಳು ಕೇಳಿಸಿಕೊಳ್ತವೆ."

"ಬಡಗಣಕ್ಕೆ ಹೋದರೆ ಆಕಾಶ ಕೈಗೆ ಸಿಗುತ್ತೆ ಅಕ್ಕಾ! ತೆಂಕಣದಲ್ಲಿ ಒಂದು ಜಾಗ ಇದೆ, ಸಿಂಹ, ಆನೆ, ಜಿರಾಫೆ ಎಲ್ಲಾ ಸಾಲಾಗಿ ನಿಂತು ಬಂದವರನ್ನ ನೋಡ್ತವೆ. ಪಡುವಣದಲ್ಲಿ ಸೂರ್ಯ ಮುಳುಗೋದು ಕಂಡರೆ ಮೇವು ನೀರು ಬೇಡ. ಅದಕ್ಕೂ ಆಚೆ ಒಂದು ಕಾಡು. ಅದರ ಗಿಳಿಗಳ ಬಣ್ಣಕ್ಕೆ ಹೆಸರೇ ಇಟ್ಟಿಲ್ಲ!"

"ಮುಚ್ಚೋ ಬಾಯಿ! ಇವು ಮೊದಲೇ ಮೊಂಡು."

ಗಾಳಿ ಬಾಯಿ ಮುಚ್ಚಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಬೆಟ್ಟಗಳು ಮೇಯುವುದನ್ನು ಬಿಟ್ಟು ಕಿವಿ ನಿಮಿರಿಸಿ ನಿಂತವು.

ಮಾರನೆಯ ಸಂಜೆ ಒಂದು ಬೆಟ್ಟವೂ ರೊಪ್ಪಕ್ಕೆ ಬರಲಿಲ್ಲ.

ಮಾಳವ್ವ ಹಣೆಗೆ ಕೈ ಹಚ್ಚಿ ನೋಡಿದಳು. ಬಯಲು ಬಟಾಬಯಲು. ಮಂಕರಿಯ ಕೆಳಗೆ ಮರಿಗಳು ಅಳತೊಡಗಿದವು. ಎಲ್ಲಕ್ಕಿಂತ ಚಿಕ್ಕದು ಸೋಮಾರಿಯ ಮರಿ, ಹೆಸರು ಸಣ್ಣಿ. ನೂಲಿನ ಎಳೆಯಷ್ಟು ತೆಳ್ಳಗಿನ ತೊರೆ.

"ಅವ್ವಾ, ಹಸಿವು."

"ಬರ್ತಾಳೆ ಕಣೇ ನಿಮ್ಮವ್ವ," ಅಂದಳು ಮಾಳವ್ವ. ಆದರೆ ಅವಳು ಬೆರಳು ಮಡಿಸಿ ಸಂಜೆ ಎಣಿಸುತ್ತಿದ್ದಳು. ಮೂರು ಸಂಜೆ ಹಾಲಿಲ್ಲದೆ ಹೋದರೆ ಮರಿತೊರೆಯನ್ನು ಮರಳು ಕುಡಿದುಬಿಡುತ್ತದೆ. ಒಂದು ಸಂಜೆ ಆಗಲೇ ಕಳೆದಿತ್ತು.

ಬೆಳಗಾಗುತ್ತಲೇ ಮಾಳವ್ವ ಕೋಲು ಹಿಡಿದು ಹೊರಟಳು.

ಸೋಮಾರಿ ಹತ್ತಿರದಲ್ಲೇ ಸಿಕ್ಕಿತು. ಅದಕ್ಕೂ ಲೋಕ ನೋಡುವ ಆಸೆ, ಆದರೆ ನಡೆಯುವುದಕ್ಕೆ ಬೇಸರ. ಪಡುವಣದ ಅಂಚಿನವರೆಗೆ ಹೋಗಿ ಉದ್ದಕ್ಕೆ ಕಾಲು ಚಾಚಿ ಮಲಗಿತ್ತು. ಈಗ ನಾವು ಅದಕ್ಕೇ ಸಹ್ಯಾದ್ರಿ ಅನ್ನುತ್ತೇವೆ.

"ಏಳೇ! ಮರಿ ಅಳ್ತಾ ಇದೆ."

"ಇಗೋ ಬಂದೆ ಅವ್ವಾ. ನೀನು ನಡೀತಿರು."

ಮಾಳವ್ವ ನಂಬಿದಳು. ತೆಂಕಣಕ್ಕೆ ಹೋದಳು. ಅಲ್ಲಿ ಉರಿಬಿಸಿಲಿನಲ್ಲಿ ಬಿಳಿಟೋಪಿ ಒಂಟಿಯಾಗಿ ಕೂತು ಆನೆಗಳಿಗೆ ತನ್ನ ಹಿಮ ತೋರಿಸುತ್ತಿತ್ತು. ಆಫ್ರಿಕಾದವರು ಇಂದು ಕಿಲಿಮಂಜಾರೊ ಅನ್ನುವುದು ಅದನ್ನೇ.

"ಈ ಬಿಸಿಲಲ್ಲಿ ಯಾರಾದ್ರೂ ಹಿಮದ ಟೋಪಿ ಹಾಕ್ತಾರೇನೇ? ಬುದ್ಧಿ ಬೇಡವಾ? ನಡಿ ಮನೆಗೆ!"

"ಇಗೋ ಬಂದೆ ಅವ್ವಾ. ಆ ಜಿರಾಫೆ ಇನ್ನೂ ನೋಡಿಲ್ಲ, ತೋರಿಸಿ ಬರ್ತೀನಿ. ನೀನು ನಡೀತಿರು."

ಬಡಗಣಕ್ಕೆ ಹೋದರೆ ಎತ್ತರಿ ತನ್ನ ಅಕ್ಕತಂಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಆಕಾಶ ಮುಟ್ಟಲು ತುದಿಗಾಲಲ್ಲಿ ನಿಂತಿತ್ತು. ಹಿಮಾಲಯ ಅಂದರೆ ಆ ಸಾಲೇ.

"ಎತ್ತರೀ! ಕೆಳಗೆ ನೋಡೇ!"

"ಯಾರದು ಕೂಗ್ತಾ ಇರೋದು? ಅವ್ವನಾ? ಎಷ್ಟು ಚಿಕ್ಕದಾಗಿ ಕಾಣ್ತೀಯ! ಇಗೋ ಬಂದೆ. ಇನ್ನು ಒಂದು ಗೇಣು ಅಷ್ಟೇ, ಆಕಾಶ ಸಿಕ್ಕೇಬಿಡುತ್ತೆ. ನೀನು ನಡೀತಿರು."

ಚಪ್ಪಟೆ ಎಲ್ಲಕ್ಕಿಂತ ದೂರ ಹೋಗಿತ್ತು. ದಕ್ಷಿಣ ಅಮೆರಿಕದ ಕಾಡಿನ ನಡುವೆ ನಿಂತು, ತನ್ನ ತಟ್ಟೆಯಂಥ ನೆತ್ತಿಯ ಮೇಲೆ ಗಿಳಿಗಳನ್ನು ಕೂರಿಸಿಕೊಂಡು ಬಣ್ಣ ಎಣಿಸುತ್ತಿತ್ತು.

"ಇಗೋ ಬಂದೆ ಅವ್ವಾ. ತಲೆ ಅಲ್ಲಾಡಿಸಿದ್ರೆ ಗಿಳಿಗಳು ಹಾರಿಹೋಗ್ತವೆ. ನೀನು..."

"ನಡೀತಿರು! ಗೊತ್ತು, ಗೊತ್ತು! ನಡೆದೂ ನಡೆದೂ ನನ್ನ ಮೊಣಕಾಲು ಕಳಚ್ತಾ ಇದೆ, ಇವರಿಗೆ ಗಿಳಿ ಬೇಕಂತೆ, ಜಿರಾಫೆ ಬೇಕಂತೆ!"

ಎರಡನೆಯ ಸಂಜೆ ಮಾಳವ್ವ ರೊಪ್ಪಕ್ಕೆ ಬಂದಾಗ ಒಂದು ಬೆಟ್ಟವೂ ಬಂದಿರಲಿಲ್ಲ. ಹತ್ತಿರದ ಸೋಮಾರಿ ಕೂಡ ಇಲ್ಲ. ಬರುವುದಿರಲಿ, ಮಗ್ಗುಲೂ ಬದಲಿಸಿರಲಿಲ್ಲ.

ಸಣ್ಣಿ ಈಗ ಅಳುತ್ತಲೂ ಇರಲಿಲ್ಲ. ಮಾಳವ್ವ ಬೆರಳಿಟ್ಟು ನೋಡಿದಳು. ಬೆರಳ ತುದಿ ಒದ್ದೆಯಾಯಿತು, ಅಷ್ಟೇ.

ಮೂರನೆಯ ದಿನ ಮಾಳವ್ವ ಬಯಲ ನಡುವೆ ನಿಂತು ಕೂಗಿದಳು. ಬೆಳಗಿನಿಂದ ಕೂಗಿದಳು. ಮೊದಲು ಹೆಸರು ಹಿಡಿದು ಕೂಗಿದಳು, ಆಮೇಲೆ ಬೈದು ಕೂಗಿದಳು, ಆಮೇಲೆ ಬರೀ ಕೂಗಿದಳು. ಹಾಲಿನ ಹನಿ ನೆಲಕ್ಕೆ ಬಿದ್ದು ಮೂರು ದಿನವಾಗಿತ್ತಲ್ಲ, ಮುದ್ದೆಯಂಥ ಭೂಮಿಯೂ ಒಣಗುತ್ತ ಬಂದಿತ್ತು.

ಅತ್ತ ಮಧ್ಯಾಹ್ನದ ಹೊತ್ತಿಗೆ ಬೆಟ್ಟಗಳ ಕೆಚ್ಚಲು ಬಿಗಿಯತೊಡಗಿತು. ಮೂರು ದಿನದ ಹಾಲು ತಡೆಯುವುದು ಸುಲಭವೇ? ಎತ್ತರಿ ಆಕಾಶ ಮರೆಯಿತು. ಬಿಳಿಟೋಪಿ ಜಿರಾಫೆ ಮರೆಯಿತು. ಚಪ್ಪಟೆ ತಲೆ ಕೊಡವಿ ಗಿಳಿ ಹಾರಿಸಿತು. ಸೋಮಾರಿ ಕೂಡ, ನೀವು ನಂಬಬೇಕು, ಸೋಮಾರಿ ಕೂಡ ಎದ್ದು ಕೂತಿತು. ಎಲ್ಲವೂ ರೊಪ್ಪದ ಕಡೆಗೆ ಹೆಜ್ಜೆ ಎತ್ತಿದವು.

ಗಾಳಿ ಅದನ್ನು ಕಂಡ. ಅಕ್ಕನಿಗೆ ಹೇಳೋಣವೆಂದು ಒಂದೇ ಉಸಿರಿಗೆ ಓಡಿ ಬಂದ.

"ಅಕ್ಕಾ! ಅಕ್ಕಾ! ನಾನು ಎಷ್ಟು ಜೋರಾಗಿ ಬಂದೆ ಗೊತ್ತಾ?"

"ಬೆಟ್ಟ ಕಂಡೆಯೇನೋ?"

"ಕೇಳು ಅಕ್ಕಾ, ಮೊದಲಿಂದ ಹೇಳ್ತೀನಿ. ಬೆಳಿಗ್ಗೆ ನಾನು ಎದ್ದೆ. ಎದ್ದ ರಭಸಕ್ಕೆ ಒಂದು ಮರಳುಗಾಡೇ ನನ್ನ ಜೊತೆ ಎದ್ದುಬಿಡ್ತು! ಅದನ್ನ ಹೆಗಲ ಮೇಲೆ ಹಾಕ್ಕೊಂಡು..."

ಗಾಳಿ ಶುರು ಮಾಡಿದರೆ ಮುಗಿಸುವವನಲ್ಲ. ಮಾಳವ್ವನಿಗೆ ಕಾಲು ಸೋತಿತ್ತು, ಗಂಟಲು ಒಣಗಿತ್ತು, ತಲೆ ಕೆಟ್ಟು ಕೆರವಾಗಿತ್ತು. ಹಾಳಾಗಿ ಹೋಗಲಿ, ಇವನು ಮುಗಿಸುವ ತನಕ ಕೂರೋಣ ಎಂದು ಕೋಲನ್ನು ನೆಲಕ್ಕೆ ಚುಚ್ಚಿದಳು. ಸೆಕೆಗೆ ಹೆಗಲು ಉರಿಯುತ್ತಿತ್ತು. ಕಂಬಳಿ ತೆಗೆದು ಕೋಲಿನ ಮೇಲೆ ಎಸೆದಳು.

ಅಷ್ಟು ದೂರದಿಂದ ಬೆಟ್ಟಗಳಿಗೆ ಅದು ಹೇಗೆ ಕಂಡಿತು ಅಂತ ಕೇಳಬೇಡಿ. ಕಣ್ಣಿಗೆ ಅಡ್ಡ ಬರಲು ನಡುವೆ ಬೆಟ್ಟಗಳೇ ಇರಲಿಲ್ಲವಲ್ಲ!

ಕೋಲಿನ ಮೇಲೆ ಕಂಬಳಿ. ಅಂದರೆ ಮಂದೆ ತಂಗಬೇಕು. ಎತ್ತರಿ ನಿಂತಿತು. ಬಿಳಿಟೋಪಿ ನಿಂತಿತು. ಚಪ್ಪಟೆ ನಿಂತಿತು. ಸೋಮಾರಿ ಎಲ್ಲಕ್ಕಿಂತ ಮೊದಲು ನಿಂತಿತು.

ಗಾಳಿ ಮರಳುಗಾಡನ್ನು ಇಳಿಸಿ, ಎರಡು ಸುಳಿಗಾಳಿಯ ಜೊತೆ ಕುಸ್ತಿಯಾಡಿ ಗೆದ್ದು, ಕೊನೆಗೆ ಉಸಿರು ಎಳೆದುಕೊಂಡ. "ಅಂದ ಹಾಗೆ ಅಕ್ಕಾ, ಮರೆತೇಬಿಟ್ಟಿದ್ದೆ. ನಿನ್ನ ಬೆಟ್ಟಗಳು ಹೊರಟಿವೆ. ಬರ್ತಾ ಇವೆ."

ಮಾಳವ್ವ ಗಾಳಿಯನ್ನು ನೋಡಿದಳು. ಆಮೇಲೆ ಕೋಲನ್ನು ನೋಡಿದಳು. ಕೋಲಿನ ಮೇಲಿನ ಕಂಬಳಿಯನ್ನು ನೋಡಿದಳು.

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಮೊದಲು ಹೇಳಬೇಕಾದ್ದು ಅದಲ್ಲವೇನೋ!"

ಧಡಕ್ಕನೆ ಎದ್ದು ಕೋಲು ಕಿತ್ತಳು, ಕಂಬಳಿ ಸೆಳೆದಳು. ಆದರೆ ಒಣಗಿದ ನೆಲ ಅಷ್ಟರಲ್ಲಿ ಬೆಟ್ಟಗಳ ಕಾಲನ್ನು ಗಟ್ಟಿಯಾಗಿ ಕಚ್ಚಿತ್ತು. ನಾಲ್ಕು ದಿಕ್ಕಿನಿಂದಲೂ ಕೂಗು ಕೇಳಿಸಿತು.

"ಅವ್ವಾ, ಕಾಲು ಬರ್ತಾ ಇಲ್ಲ! ನಾವು ಹೊರಟೇ ಇದ್ದೆವು ಅವ್ವಾ!"

"ಮೂರು ದಿನದಿಂದ ಹೊರಡ್ತಾನೇ ಇದ್ದೀರಿ! ಹುಟ್ಟಿದಾಗಿನಿಂದ ಒಂದು ಮಾತು ಕೇಳದವರು ಇವತ್ತೇ ಕೇಳಬೇಕಿತ್ತಾ?"

ಹೊತ್ತು ಇಳಿಯುತ್ತಿತ್ತು. ಅದೇ ಮೂರನೆಯ ಸಂಜೆ. ತಾಯಂದಿರು ಮರಿಗಳ ಬಳಿ ಬರಲಾರರು. ಇನ್ನು ಮರಿಗಳೇ ತಾಯಂದಿರ ಬಳಿ ಹೋಗಬೇಕು. ಮಾಳವ್ವ ಕಂಬಳಿ ಹಾಸಿದಳು, ತೊರೆಗಳನ್ನೆಲ್ಲ ಬಾಚಿ ಅದರೊಳಗೆ ಹಾಕಿದಳು, ಸಣ್ಣಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು, ಗಂಟು ಕಟ್ಟಿದಳು.

"ಲೋ, ಇಲ್ಲಿ ಬಾ. ಹಲ್ಲಲ್ಲಿ ಕಚ್ಚಿ ಹಿಡಿ. ಬಾಯಿ ಬಿಟ್ಟೆಯೋ, ಮರಿ ಬೀಳ್ತವೆ. ಮಾತಾಡಿದ್ರೆ ನೀನು ನನ್ನ ತಮ್ಮನೇ ಅಲ್ಲ."

ಗಾಳಿ ಕಂಬಳಿಯ ಗಂಟನ್ನು ಹಲ್ಲಲ್ಲಿ ಕಚ್ಚಿ ಮೇಲೆದ್ದ. ಕೆಳಗೆ ಮಾಳವ್ವ ಓಡಿದಳು. ಬಾಯಿ ಮುಚ್ಚಿದ ಗಾಳಿ ಎಷ್ಟು ವೇಗವಾಗಿ ಹೋಗಬಲ್ಲ ಎಂದು ಲೋಕಕ್ಕೆ ಅಂದೇ ಗೊತ್ತಾದದ್ದು. ಸೂರ್ಯ ಕೂಡ ಅದನ್ನು ನೋಡುತ್ತ ಮುಳುಗುವುದನ್ನೇ ಒಂದು ಗಳಿಗೆ ಮರೆತ.

ಮೊದಲು ಸೋಮಾರಿಯ ನೆತ್ತಿ. ಮಾಳವ್ವ ಸಣ್ಣಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ತಾಯಿಯ ಕೆಚ್ಚಲಿಗೆ ಹಿಡಿದಳು. ಸಣ್ಣಿ ಕುಡಿಯಲಿಲ್ಲ. ಸೋಮಾರಿ ಮೊದಲ ಬಾರಿಗೆ ತಾನಾಗಿಯೇ ಕೆಲಸ ಮಾಡಿತು. ಮೈಯನ್ನು ಬಿಗಿದು ಒಂದು ಹನಿ ಹಾಲನ್ನು ಮರಿಯ ತುಟಿಗೆ ಬಿಟ್ಟಿತು. ಸಣ್ಣಿ ಚಪ್ಪರಿಸಿತು. ಇನ್ನೊಂದು ಹನಿ. ಆಮೇಲೆ ಗಟಗಟ ಅಂತ ಸದ್ದು ಬಂತು.

ಮಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಕುಡಿ ಕಣೇ, ಕುಡಿ. ಇನ್ನು ನಿಮ್ಮವ್ವನ ಹತ್ತಿರವೇ ಇರು," ಎಂದು ಮುಂದಕ್ಕೆ ಓಡಿದಳು.

ಬಿಳಿಟೋಪಿಗೆ ಅದರ ಮರಿ, ಎತ್ತರಿಗೆ ಅದರ ಮರಿ, ಚಪ್ಪಟೆಗೆ ಅದರ ಮರಿ. ಸೂರ್ಯ ಮುಳುಗುವಷ್ಟರಲ್ಲಿ ಕಂಬಳಿ ಖಾಲಿ. ಒಂದು ಮರಿಯೂ ಸಾಯಲಿಲ್ಲ. ಮಾಳವ್ವ ಸೊಂಟಕ್ಕೆ ಕೈ ಕೊಟ್ಟು, ಅಬ್ಬಾ ಅಂದಳು. ಅಷ್ಟರಲ್ಲಿ ಹಿಂದಿನಿಂದ ಸದ್ದು.

ತಿರುಗಿ ನೋಡಿದರೆ ತೊರೆಗಳೆಲ್ಲ ಓಡಿ ಬರುತ್ತಿವೆ! ಹೊಟ್ಟೆ ತುಂಬಿ ದುಂಡಗಾಗಿದ್ದವು. ಎಲ್ಲಕ್ಕಿಂತ ಮುಂದೆ ಸಣ್ಣಿ.

"ಎಲ್ಲಿಗೆ ಬಂದ್ರಿ? ಅಲ್ಲೇ ಇರಿ ಅಂದಿದ್ದೆನಲ್ಲ!"

"ಕುಡಿದು ಆಯ್ತು ಅವ್ವಾ," ಅಂದಿತು ಸಣ್ಣಿ. "ರೊಪ್ಪಕ್ಕೆ ಹೊರಟಿದ್ದೀವಿ. ಕುಡಿದ ಕೂಡಲೇ ರೊಪ್ಪ ಸೇರಬೇಕು ಅಂತ ನೀನೇ ಹೇಳಿದ್ದಲ್ವಾ?"

ಮಾಳವ್ವ ಒಂದೊಂದನ್ನೇ ಅಟ್ಟಿಸಿಕೊಂಡು ಹೋದಳು. ಹಿಡಿದು ಹಿಂದಕ್ಕೆ ಬಿಟ್ಟಳು, ಮತ್ತೆ ಓಡಿ ಬಂದವು. ಬಂಡೆ ಅಡ್ಡ ಇಟ್ಟಳು. ಹಾದಿ ಸುತ್ತಿ ಬರುವಷ್ಟು ತಾಳ್ಮೆ ಮರಿಗಳಿಗೆಲ್ಲಿ? ಸಣ್ಣಿ ಕಣ್ಣು ಮುಚ್ಚಿ ಬಂಡೆಯಿಂದ ಧುಮುಕಿಯೇಬಿಟ್ಟಿತು. ಅದೇ ನಮ್ಮ ಜೋಗ. ಅದನ್ನು ನೋಡಿ ಚಪ್ಪಟೆಯ ಮರಿ ಆ ನೆತ್ತಿಯ ಅಂಚಿನಿಂದ ಹಾರಿತು. ಅದು ಏಂಜೆಲ್ ಜಲಪಾತ, ಲೋಕದಲ್ಲಿ ಅಷ್ಟು ಎತ್ತರದಿಂದ ಹಾರುವ ನೀರು ಇನ್ನೊಂದಿಲ್ಲ. ನಯಾಗರದಲ್ಲಂತೂ ಮರಿಗಳು ಗುಂಪುಗುಂಪಾಗಿ, ಒಂದರ ಬೆನ್ನ ಮೇಲೊಂದು ಬಿದ್ದು ಹಾರಿದವು. ಒಂದು ಮೊಂಡು ಮರಿಯ ಹಾದಿಗೆ ನೆಲವೇ ಅಡ್ಡ ಬಂತು. ಅದು ನೆಲವನ್ನೇ ಸೀಳಿಕೊಂಡು ನಡೆಯಿತು; ಆ ಸೀಳಿಗೆ ಗ್ರ್ಯಾಂಡ್ ಕ್ಯಾನ್ಯನ್ ಅನ್ನುತ್ತಾರೆ.

ಎಲ್ಲವೂ ಬಂದು ರೊಪ್ಪಕ್ಕೆ ಬಿದ್ದವು. ರೊಪ್ಪ ತುಂಬಿತು, ಬೇಲಿ ಮುಳುಗಿತು, ಬಯಲು ಮುಳುಗಿತು. ಮರಿಗಳು ನೆಕ್ಕಲೆಂದು ಅಲ್ಲಿಟ್ಟಿದ್ದ ಉಪ್ಪಿನ ಕಲ್ಲುಗಳೂ ಕರಗಿದವು. ಹೀಗೆ ಸಮುದ್ರ ಹುಟ್ಟಿತು, ಹುಟ್ಟುತ್ತಲೇ ಉಪ್ಪಾಗಿ ಹುಟ್ಟಿತು.

ದಡದಲ್ಲಿ ನಿಂತು ಮಾಳವ್ವ ತಲೆ ಚಚ್ಚಿಕೊಂಡಳು. "ಬನ್ನಿ ಅಂದ್ರೆ ನಿಲ್ಲೋ ತಾಯಂದಿರು! ನಿಲ್ಲಿ ಅಂದ್ರೆ ಓಡೋ ಮಕ್ಕಳು! ಏನಾದ್ರೂ ಮಾಡ್ಕೊಳ್ಳಿ! ಅಲ್ಲಿ ಕುಡೀರಿ, ಇಲ್ಲಿಗೆ ಓಡಿ ಬನ್ನಿ. ನಾನು ಬೇಡ ಅನ್ನೋದಿಲ್ಲ. ಹಸಿವಿನಿಂದ ಒಣಗೋದೊಂದು ಬೇಡ, ಅಷ್ಟೇ!"

ಅದಕ್ಕೇ ಮಕ್ಕಳೇ, ಹಿಮಾಲಯವಾಗಲಿ, ಕಿಲಿಮಂಜಾರೊ ಆಗಲಿ, ನಮ್ಮ ಸಹ್ಯಾದ್ರಿಯಾಗಲಿ, ಬೆಟ್ಟ ನೋಡಬೇಕೆಂದರೆ ಇವತ್ತಿಗೂ ನಾವೇ ಎದ್ದು ಹೋಗಬೇಕು, ಬೆಟ್ಟ ನಿಂತ ಜಾಗ ಬಿಡುವುದಿಲ್ಲ. ಅದರ ನೀರೋ, ತಾಯಿಯ ಹಾಲು ಕುಡಿದ ಮರುಗಳಿಗೆಯೇ, ನೀವು ಕಂಡಿದ್ದೀರಲ್ಲ, ಬಂಡೆಯಿಂದ ಹಾರಿ, ಕೂಗಾಡುತ್ತ, ಒಂದು ಕ್ಷಣವೂ ನಿಲ್ಲದೆ ಕೆಳಕ್ಕೆ ಓಡುತ್ತಲೇ ಇರುತ್ತದೆ.