ಹಲಸು ಬರುತ್ತದೆ ಎಂಬ ತಂತಿ

ಲಾದ್ರು ಅಂತ ಒಬ್ಬನಿದ್ದ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು, ಅದೇ ಅವನ ರೋಗ! ತಾಯಿ ನತಾಲಬಾಯಿ "ಬಾಗಿಲು ನೋಡಿಕೋ" ಅಂದು ಹೋದರೆ ಸಂಜೆಯವರೆಗೂ ಬಾಗಿಲನ್ನೇ ನೋಡುತ್ತ ಕೂತ; ಹಿತ್ತಲಿನ ಕೋಳಿಗಳೆಲ್ಲ ಕಳುವಾದವು.

"ಎಂಥ ಹುಟ್ಟೋ ಮಾರಾಯ ನಿನ್ನದು! ಇಗರ್ಜಿಯಲ್ಲಿ ಕೆಲಸ ಮಾಡು, ಪದ್ರಾಬ ಹೇಳಿದ ಹಾಗೆ ಕೇಳು!" ಅಂತ ಬಯ್ದು, ಊರೆಲ್ಲ ಪದ್ರಾಬ ಅನ್ನುವ ಪಾದ್ರಿ ಸಾಲ್ವದೋರರ ಬಳಿಗೆ ಅಟ್ಟಿದಳು.

ಆ ಊರಿನ ತಂತಿ ಮಾಸ್ತರ ಜತ್ತಪ್ಪನೋ, ಬಂದ ತಂತಿಯನ್ನು ಮೊದಲು ಚಾ ಹೋಟೆಲಿನಲ್ಲಿ ಓದಿ ಆಮೇಲೆ ಕಳಿಸುವ ಗಿರಾಕಿ. ಅದಕ್ಕೇ ಸಾಲ್ವದೋರರೂ, ಬಿಷಪ್ಪರ ಮನೆಯಲ್ಲಿದ್ದ ಅವರ ಗೆಳೆಯ ಪಾದ್ರಿ ಮಾರ್ಸೆಲರೂ ತಂತಿಗೆಂದೇ ಗುಟ್ಟಿನ ಮಾತು ಮಾಡಿಕೊಂಡಿದ್ದರು. ಬಿಷಪ್ಪರಿಗೆ "ಹಲಸು" ಅಂತ ಹೆಸರು. ಮೈಯೆಲ್ಲ ಮುಳ್ಳಲ್ಲವೇ!

ಒಂದು ದಿನ ತಂತಿ ಬಂತು. ಪದ್ರಾಬ ಗಾಬರಿಯಲ್ಲಿ ಕೂಗಿದರು: "ಲಾದ್ರೂ! ನಾಳೆ ಬಸ್ಸಿಗೆ ಹಲಸು ಬರುತ್ತದೆ! ಜೋಪಾನವಾಗಿ ತಾ!"

"ಆಯ್ತು ಪದ್ರಾಬ!"

ಮರುದಿನ ಗೋಣಿ ಹಿಡಿದ, ಕೈಗೆ ಕೊಬ್ಬರಿ ಎಣ್ಣೆ ಸವರಿದ, ಬಸ್ಸು ನಿಲ್ಲುವಲ್ಲಿ ಹೋಗಿ ನಿಂತ. ಬಿಷಪ್ಪರು ಇಳಿದು ಕೇಳಿದರು, "ಇಗರ್ಜಿ ಎಲ್ಲಿ ಮಗಾ?"

"ಗುಡ್ಡದ ಮೇಲೆ! ಸರಿಯಿರಿ, ನನಗೆ ಹಲಸು ಇಳಿಸಬೇಕು!"

ಬಿಷಪ್ಪರು ಬಿಸಿಲಲ್ಲಿ ಗುಡ್ಡ ಹತ್ತಿ ಬಂದು ಕೆಂಡವಾದರು. ಪದ್ರಾಬ ಲಾದ್ರುವಿನ ಕಿವಿ ಹಿಂಡಿದರು: "ಕತ್ತೆ! ಹಲಸು ಅಂದರೆ ಬಿಷಪ್ಪರು ಕಣೋ!"

"ಆಯ್ತು ಪದ್ರಾಬ!"

ಅಷ್ಟರಲ್ಲಿ ಅಡುಗೆಯ ಪಾವ್ಲು ಹೊರಗೆ ಬಂದ. "ಲಾದ್ರೂ, ಹಲಸು ಕೊಳೆತುಹೋಗಿದೆ! ಹಂದಿಗೆ ಹಾಕು!"

"ಅಯ್ಯೋ ದೇವರೇ!" ಲಾದ್ರು ಓಡಿಹೋಗಿ ಸಾವಿನ ಗಂಟೆ ಬಾರಿಸಿದ. ಊರಿಗೆ ಊರೇ ಕರಿಬಟ್ಟೆ ಉಟ್ಟು ಅಳುತ್ತ ಬಂತು. ಊಟಕ್ಕೆ ಕೂತಿದ್ದ ಬಿಷಪ್ಪರು ಕೈ ತೊಳೆದು ಎದ್ದು ಬಂದರು.

"ಯಾರಪ್ಪ ತೀರಿಕೊಂಡದ್ದು?"

"ನೀವೇ ಪ್ರಭುಗಳೇ! ಕೊಳೆತೂ ಹೋಗಿದ್ದೀರಿ!"

ಬಿಷಪ್ಪರು ಗುಡುಗಿದರು: "ಸಾಲ್ವದೋರ್! ನಿಮ್ಮನ್ನು ಇಲ್ಲಿ ಇಡಬೇಕೋ, ಘಟ್ಟಕ್ಕೆ ಅಟ್ಟಬೇಕೋ, ಮನೆಗೆ ಹೋಗಿ ಯೋಚಿಸುತ್ತೇನೆ!" ಊಟವನ್ನೂ ಮುಗಿಸದೆ ಹೊರಟೇಹೋದರು.

ಪದ್ರಾಬ ಬೆತ್ತ ತೆಗೆದರು. "ಮುಠ್ಠಾಳ! ಮಾರ್ಸೆಲರ ತಂತಿ ಬರುತ್ತದೆ. ನಾನು ಇರುವುದೋ ಹೋಗುವುದೋ ಅದರಲ್ಲಿದೆ. ಯಾರಿಗೂ ತೋರಿಸಬೇಡ! ಗುಟ್ಟನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೋ!"

"ಆಯ್ತು ಪದ್ರಾಬ!"

ತಂತಿ ಬಂದಾಗ ಪದ್ರಾಬ ಪೂಜೆಯಲ್ಲಿದ್ದರು. ಮುಗಿಸಿದವರೇ ಓಡಿಬಂದರು. "ತಂತಿ ಎಲ್ಲೋ?"

ಲಾದ್ರು ಹೊಟ್ಟೆ ತಟ್ಟಿ ತೋರಿಸಿದ. "ನೀವು ಹೇಳಿದಲ್ಲೇ! ಸ್ವಲ್ಪ ಗೋಂದಿನ ರುಚಿ."

"ನುಂಗಿದೆಯಾ! ಹಾಳಾದವನೇ! ಟ್ರಂಕು ಕಟ್ಟಲೋ ಬಿಚ್ಚಲೋ ನಾನು? ಆ ಜತ್ತಪ್ಪ ಓದಿಯೇ ಇರುತ್ತಾನೆ. ಓಡು, ಏನಾದರೂ ಮಾಡಿ ಅವನ ಬಾಯಿ ಬಿಡಿಸು!"

ಲಾದ್ರು ಓಡಿದ. ಏದುಸಿರು ಬಿಡುತ್ತ ವಾಪಸು ಬಂದ. ಅಂಗಿ ಹರಿದಿತ್ತು, ಬೆರಳಿನ ಮೇಲೆ ಹಲ್ಲಿನ ಗುರುತು.

"ಎರಡೂ ಕೈ ಹಾಕಿ ಬಿಡಿಸಿದೆ ಪದ್ರಾಬ! ನಾಲಗೆ ಎತ್ತಿಯೂ ನೋಡಿದೆ. ತಂತಿ ಇಲ್ಲ, ಬರೀ ಎಲೆಯಡಿಕೆ!"

ಪದ್ರಾಬ ಇನ್ನೊಂದು ತಂತಿಗೆ ಕಾಯಲಿಲ್ಲ. ತಾವಾಗಿಯೇ ಟ್ರಂಕು ಹೊತ್ತು ಘಟ್ಟ ಹತ್ತಿದರು!